ರಾಗಿ ಹೊಲದ ಅಕ್ಕಡಿ ಸಾಲು: ಮನೆಯ ಊಟ, ಊರಿನ ಕಟ್ಟಳೆ

ಪಡಿತರ ವ್ಯವಸ್ಥೆ ನೆಲೆಗೊಂಡ ಮೇಲೆ ರಾಜ್ಯದ ಹಳ್ಳಿಗಳಲ್ಲಿ ಒಲೆ ಹೊತ್ತದ ಮನೆ ಅಪರೂಪವಾಗಿದೆ. ಆದರೂ 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆದಿಲ್ಲ. ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ, 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಹೊಟ್ಟೆ ತುಂಬುತ್ತಿದೆ, ಉಂಡದ್ದು ಮೈಗೆ ಹತ್ತುತ್ತಿಲ್ಲ ಎಂಬುದೇ ಈ ಅಂಕಿಗಳ ಅರ್ಥ. ಜಂತುಹುಳು, ಎಳೆ ವಯಸ್ಸಿನ ಮದುವೆ, ಮೇಲಿಂದ ಮೇಲೆ ಹೆರಿಗೆ ಮುಂತಾದ ಇತರ ಕಾರಣಗಳೂ ಇದಕ್ಕೆ ಇವೆ. ಆದರೆ ತಟ್ಟೆಯಲ್ಲಿ ಧಾನ್ಯವೊಂದೇ ಇದ್ದು ಬೇಳೆ, ಕಾಳು, ಸೊಪ್ಪು, ಎಣ್ಣೆ ಕಡಿಮೆಯಾಗಿರುವುದು ಮುಖ್ಯ ಕಾರಣಗಳಲ್ಲೊಂದು.

ಬಯಲುಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ಈ ಕೊರತೆಗೆ ಉತ್ತರ ಹಿಂದಿನಿಂದಲೂ ಇತ್ತು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ರಾಮನಗರ, ಮಂಡ್ಯ, ಹಾಸನ ಮುಂತಾದ ರಾಗಿ ಬೆಳೆಯುವ ಭಾಗಗಳಲ್ಲಿ ಅದನ್ನು ಅಕ್ಕಡಿ ಸಾಲು ಎಂದು ಕರೆಯಲಾಗುತ್ತದೆ. ಈಚಿನ ವರ್ಷಗಳಲ್ಲಿ ಅದು ಬಹುಪಾಲು ಹೊಲಗಳಿಂದ ಮರೆಯಾಗುತ್ತಿದೆ. ಅದನ್ನು ಉಳಿಸಿಕೊಳ್ಳುವುದು ಒಬ್ಬ ರೈತನ ಇಚ್ಛೆಗಷ್ಟೇ ಬಿಟ್ಟ ವಿಷಯವಲ್ಲ, ಗ್ರಾಮ ಪಂಚಾಯಿತಿಯ ತೀರ್ಮಾನವೂ ಬೇಕಾದ ವಿಷಯ ಎಂಬುದನ್ನು ಸದಸ್ಯರು ಗಮನಿಸುವುದು ಅಗತ್ಯ.

ಅಕ್ಕಡಿ ಎಂದರೇನು

ರಾಗಿಯ ಕೆಲವು ಸಾಲುಗಳಿಗೊಮ್ಮೆ ಒಂದೆರಡು ಸಾಲು ಬೇರೆ ಬೆಳೆಯನ್ನು ಬಿತ್ತುವುದೇ ಅಕ್ಕಡಿ. ಎತ್ತಿನ ಕೂರಿಗೆಯಲ್ಲಿ ರಾಗಿ ಬಿತ್ತುತ್ತಿದ್ದಂತೆ, ಅದರ ಹಿಂದೆ ಹಗ್ಗದಿಂದ ಕಟ್ಟಿದ ಒಂಟಿ ಬಿದಿರು ಕೊಳವೆಯ ಮೂಲಕ ಇನ್ನೊಬ್ಬರು, ಸಾಮಾನ್ಯವಾಗಿ ಮನೆಯ ಹೆಂಗಸು, ಮಡಿಲಲ್ಲಿ ಕಟ್ಟಿಕೊಂಡ ಬೆರಕೆ ಬೀಜವನ್ನು ಬಿಡುತ್ತಾ ಬರುತ್ತಿದ್ದರು. ಆ ಮಡಿಲಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳ, ಸಾಸಿವೆ, ಹರಳು ಇರುತ್ತಿದ್ದವು. ಯಾವ ಬೀಜ ಎಷ್ಟು ಎಂಬ ಲೆಕ್ಕ ಆಕೆಗೇ ಗೊತ್ತು. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸದ ವರದಿಯಲ್ಲಿ ರಾಗಿಯೊಡನೆ ಅವರೆ, ತೊಗರಿಗಳನ್ನು ಸಾಲುಗಳಲ್ಲಿ ಬಿತ್ತುವ ಕ್ರಮವನ್ನು ವಿವರಿಸಿದ್ದಾನೆ. ಅಂದರೆ ಈ ಪದ್ಧತಿಗೆ ಕನಿಷ್ಠ ಎರಡು ಶತಮಾನಗಳ ಲಿಖಿತ ದಾಖಲೆ ಇದೆ.

ಇದರ ಹೆಚ್ಚುಗಾರಿಕೆ ಕೊಯ್ಲಿನ ಕಾಲದಲ್ಲಿ ಕಾಣುತ್ತದೆ. ಜುಲೈನಲ್ಲಿ ಬಿತ್ತನೆಯಾದ ಹೊಲದಲ್ಲಿ ಮೊದಲು ಕೈಗೆ ಬರುವುದು ಸೊಪ್ಪು. ತೆಳುಗೊಳಿಸಲು ಕಿತ್ತ ಸಾಸಿವೆ, ಅಲಸಂದೆಯ ಎಳೆ ಕುಡಿ ನೇರವಾಗಿ ಸಾರಿಗೆ ಹೋಗುತ್ತದೆ. ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಅಲಸಂದೆಯ ಹಸಿಕಾಯಿ ಬರುತ್ತದೆ. ಹಳೆಯ ರಾಗಿ ಮುಗಿದು ಹೊಸ ರಾಗಿ ಇನ್ನೂ ತೆನೆಯಲ್ಲೇ ಇರುವ ಕಾಲ ಅದು. ಬಡ ಮನೆಗಳಲ್ಲಿ ವರ್ಷದ ಅತ್ಯಂತ ಬಿಗಿಯಾದ ದಿನಗಳು. ಮುಂದೆ ಹುಚ್ಚೆಳ್ಳು ಹಳದಿ ಹೂ ಬಿಟ್ಟು ಜೇನುಹುಳುಗಳನ್ನು ಕರೆಯುತ್ತದೆ, ಚಟ್ನಿಪುಡಿಗೂ ಗಾಣಕ್ಕೂ ಕಾಳು ಕೊಡುತ್ತದೆ. ನವೆಂಬರ್–ಡಿಸೆಂಬರಿನಲ್ಲಿ ರಾಗಿಯ ಕೊಯ್ಲು. ರಾಗಿ ಕೊಯ್ದು ಬಯಲಾದ ಹೊಲದಲ್ಲಿ ಅವರೆ ಹರಡಿಕೊಂಡು ಇಬ್ಬನಿ ಮತ್ತು ನೆಲದಲ್ಲಿ ಉಳಿದ ತೇವದಿಂದಲೇ ಕಾಯಿ ಕಟ್ಟುತ್ತದೆ. ಸೊಗಡಿನ ಕಾಯಿ ಮುಗಿಯುವ ಹೊತ್ತಿಗೆ ತೊಗರಿ ಒಣಗುತ್ತದೆ. ಹರಳು ಎಲ್ಲಕ್ಕಿಂತ ತಡ. ಹೀಗೆ ಒಂದೇ ಉಳುಮೆಗೆ ಐದಾರು ತಿಂಗಳು ಏನಾದರೊಂದು ಮನೆಗೆ ಬರುತ್ತಲೇ ಇರುತ್ತದೆ.

ಪೌಷ್ಟಿಕತೆಯ ಲೆಕ್ಕದಲ್ಲೂ ಇದು ಸರಿಹೊಂದುವ ಜೋಡಣೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣಾಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು ಸುಮಾರು 10 ಮಿಲಿಗ್ರಾಂ ಮಾತ್ರ. ಆದರೆ ರಾಗಿಯಲ್ಲಿ ಸಸಾರಜನಕ ಶೇ. 7ರ ಆಸುಪಾಸು; ಅವರೆ, ತೊಗರಿ, ಅಲಸಂದೆಗಳಲ್ಲಿ ಶೇ. 20ಕ್ಕೂ ಹೆಚ್ಚು. ಧಾನ್ಯದ ಸಸಾರಜನಕದಲ್ಲಿ ಕೊರತೆಯಾಗುವ ಅಂಶವನ್ನು ಕಾಳು ತುಂಬಿಕೊಡುತ್ತದೆ. ಮುದ್ದೆಗೆ ಅವರೆಕಾಳಿನ ಸಾರು ಜೊತೆಯಾದುದು ರುಚಿಗಷ್ಟೇ ಅಲ್ಲ.

ನೆಲದೊಳಗಿನ ಲೆಕ್ಕ

ರಾಗಿಯ ಬೇರು ಮೇಲ್ಪದರದಲ್ಲಿ ಹರಡುತ್ತದೆ. ತೊಗರಿ ಮತ್ತು ಹರಳಿನ ತಾಯಿಬೇರು ಆಳಕ್ಕೆ ಇಳಿಯುತ್ತದೆ. ಒಂದೇ ಮಳೆಯ ನೀರನ್ನು ಎರಡೂ ಬೇರೆ ಬೇರೆ ಆಳದಿಂದ ಬಳಸುತ್ತವೆ. ದ್ವಿದಳ ಬೆಳೆಗಳ ಬೇರುಗಂಟುಗಳಲ್ಲಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ತೊಗರಿಯ ಉದುರಿದ ಎಲೆ ಹೊಲದಲ್ಲೇ ಗೊಬ್ಬರವಾಗುತ್ತದೆ. ಆಗಸ್ಟ್‌ನಲ್ಲಿ ಮಳೆ ಕೈಕೊಟ್ಟು ರಾಗಿ ಸೊರಗಿದರೂ, ಸೆಪ್ಟೆಂಬರ್–ಅಕ್ಟೋಬರಿನ ಹಿಂಗಾರು ಸೋನೆಗೆ ಅವರೆ, ತೊಗರಿ ಚೇತರಿಸಿಕೊಳ್ಳಬಲ್ಲವು. ಪೂರ್ತಿ ಬೆಳೆ ನಷ್ಟವಾಗುವ ಸಂಭವ ಇದರಿಂದ ತಗ್ಗುತ್ತದೆ.

ತಗ್ಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಅಕ್ಕಡಿ ಎಲ್ಲೆಲ್ಲೂ ಇದ್ದ ಕಾಲದಲ್ಲೇ, ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಇಡುವ ಹಗೇವುಗಳು ಊರೂರಿನಲ್ಲಿದ್ದ ಕಾಲದಲ್ಲೇ, 1876–78ರ ಧಾತು–ಈಶ್ವರ ಸಂವತ್ಸರಗಳ ಬರ ಮೈಸೂರು ಸಂಸ್ಥಾನವನ್ನು ನುಂಗಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಒಳಗೆ ಇಳಿದಿತ್ತು. ಮೇಲಿಂದ ಮೇಲೆ ಮಳೆ ಸೋತರೆ ಯಾವ ಬಿತ್ತನೆ ಕ್ರಮವೂ ಊರನ್ನು ಕಾಯದು. ಪಡಿತರವೂ ಬರಪರಿಹಾರವೂ ಬೇಕೇ ಬೇಕು. ಹಳೆಯದೆಲ್ಲ ಪರಿಪೂರ್ಣವಾಗಿತ್ತು ಎಂಬ ಭಾವನೆಯಿಂದ ಅಕ್ಕಡಿಯನ್ನು ಶಿಫಾರಸು ಮಾಡುವ ಅಗತ್ಯವಿಲ್ಲ.

ಹೊಸ ತಳಿಗಳೊಡನೆ ಅಕ್ಕಡಿಗೆ ವಿರೋಧವೂ ಇಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಿಸಿ ರೂಪಿಸಿದ ಇಂಡಾಫ್ ತಳಿಗಳು ರಾಗಿಯ ಇಳುವರಿಯನ್ನು ಎತ್ತರಿಸಿದವು. ಆನಂತರ ಬೆಂಕಿ ರೋಗವನ್ನು ತಾಳಿಕೊಳ್ಳುವ ಜಿಪಿಯು-28 ವ್ಯಾಪಕವಾಗಿ ಹಬ್ಬಿತು. ಈ ತಳಿಗಳ ನಡುವೆಯೂ ಅಕ್ಕಡಿ ಸಾಲು ಬಿಡಬಹುದು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂಬುದು ಕೃಷಿ ವಿಶ್ವವಿದ್ಯಾಲಯದ ಶಿಫಾರಸಿನಲ್ಲೇ ಇದೆ. ತೊಗರಿ ಇದಕ್ಕಿಂತ ಒತ್ತಾದರೆ ರಾಗಿಗೆ ಪೈಪೋಟಿಯಾಗುತ್ತದೆ.

ಆದರೆ ಅವರೆಯ ವಿಷಯದಲ್ಲಿ ತಳಿ ನೋಡಿಕೊಳ್ಳಬೇಕು. ನಾಟಿ ಅವರೆ ಯಾವಾಗ ಬಿತ್ತಿದರೂ ಹಗಲು ಚಿಕ್ಕದಾಗುವ ಕಾಲಕ್ಕೇ ಹೂ ಬಿಡುತ್ತದೆ. ಆದ್ದರಿಂದಲೇ ರಾಗಿ ಕೊಯ್ಲಾಗುವವರೆಗೆ ತೆಪ್ಪಗಿದ್ದು ಆಮೇಲೆ ಹಬ್ಬುತ್ತದೆ. ವರ್ಷವಿಡೀ ಬೆಳೆಯಲು ರೂಪಿಸಿದ ಹೆಬ್ಬಾಳ ಅವರೆಯಂತಹ ಅಲ್ಪಾವಧಿ ತಳಿಗಳಿಗೆ ಈ ಗುಣವಿಲ್ಲ. ಅವು ತನಿಬೆಳೆಗೆ ಉತ್ತಮ. ರಾಗಿಯ ನಡುವೆ ಬಿತ್ತಿದರೆ ರಾಗಿ ಇನ್ನೂ ನಿಂತಿರುವಾಗಲೇ ಕಾಯಿ ಬಿಟ್ಟು ಮುಗಿಯುತ್ತವೆ. ಅಕ್ಕಡಿಗೆ ಬೇಕಾದ ನಾಟಿ ಬೀಜ ಅಂಗಡಿಯಲ್ಲಿ ಸಿಗುವುದು ಕಡಿಮೆ. ಅದು ಮನೆಗಳಲ್ಲಿ ಉಳಿದಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಸಾಲು ಏಕೆ ಮರೆಯಾಯಿತು

ಮೊದಲ ಕಾರಣ ಕೂಲಿ. ಒಂದೊಂದು ಬೆಳೆಯನ್ನು ಒಂದೊಂದು ಸಲ ಬಿಡಿಸಲು ಮನೆಯಲ್ಲಿ ಆಳಿಲ್ಲ. ಎತ್ತುಗಳು ಹೋಗಿ ಟ್ರ್ಯಾಕ್ಟರ್ ಬಂದಾಗ ಬಿದಿರಿನ ಕೊಳವೆ ಅಟ್ಟ ಸೇರಿತು. ಕೊಯ್ಲಿನ ಯಂತ್ರಕ್ಕೆ ಬೆರಕೆ ಹೊಲ ಒಗ್ಗುವುದಿಲ್ಲ. ನೀರಿನ ಅನುಕೂಲವಿರುವೆಡೆ ಮತ್ತು ಕೆಲವೆಡೆ ಮಳೆಯಾಶ್ರಯದಲ್ಲೂ ಮುಸುಕಿನ ಜೋಳ ರಾಗಿಯ ಜಾಗವನ್ನೇ ತೆಗೆದುಕೊಂಡಿದೆ.

ಎರಡನೆಯದು ಕಳೆನಾಶಕ. ಅಗಲ ಎಲೆಯ ಕಳೆಗಳನ್ನು ಕೊಲ್ಲಲು ರಾಗಿ, ಜೋಳದ ಹೊಲಗಳಿಗೆ ಸಿಂಪಡಿಸುವ ಔಷಧ ಅವರೆ, ತೊಗರಿ, ಹುಚ್ಚೆಳ್ಳನ್ನೂ ಬಿಡದು. ಅವೂ ಅಗಲ ಎಲೆಯವೇ. ಇಲ್ಲಿ ಇನ್ನೊಂದು ನಷ್ಟ ಕಣ್ಣಿಗೆ ಬೀಳದೆ ಆಗುತ್ತಿದೆ. ಹೊಲದಲ್ಲಿ ತಾನಾಗಿ ಬೆಳೆಯುವ ಅಣ್ಣೆ, ಹೊನಗೊನ್ನೆ, ಗೋಣಿ ಸೊಪ್ಪುಗಳನ್ನು ಕೃಷಿ ಇಲಾಖೆಯ ಲೆಕ್ಕದಲ್ಲಿ ಕಳೆ ಎನ್ನಲಾಗುತ್ತದೆ. ಜಮೀನಿಲ್ಲದ ಮನೆಗಳಲ್ಲಿ ಅದೇ ಬೆರಕೆ ಸೊಪ್ಪಿನ ಸಾರು. ಕಳೆ ಕೀಳಲು ಹೋದ ಹೆಂಗಸರು ಸಂಜೆ ಸೆರಗಿನಲ್ಲಿ ಸೊಪ್ಪು ತರುತ್ತಿದ್ದರು. ಸಿಂಪಡಣೆಯಿಂದ ಅವರ ಕೂಲಿಯೂ ಹೋಯಿತು, ಸೊಪ್ಪೂ ಹೋಯಿತು. ಸಿಂಪಡಿಸಿದ ಹೊಲದ ಅಂಚಿನಲ್ಲಿ ತಿಳಿಯದೆ ಸೊಪ್ಪು ಕೊಯ್ದರೆ ಅದು ಅಪಾಯವೂ ಹೌದು. ಸಿಂಪಡಿಸಿದವರು ಹೊಲದ ಬಳಿ ಗುರುತು ನೆಡುವಂತೆ ಪಂಚಾಯಿತಿ ಡಂಗುರ ಹಾಕಿಸಬಹುದು. ಇದಕ್ಕೆ ಖರ್ಚೇನೂ ಇಲ್ಲ.

ಮೂರನೆಯ ಕಾರಣವನ್ನು ರೈತರು ಎಲ್ಲಕ್ಕಿಂತ ಮೊದಲು ಹೇಳುತ್ತಾರೆ, ಅಧಿಕಾರಿಗಳ ವರದಿಗಳಲ್ಲಿ ಅದು ಕೊನೆಗೂ ಬರುವುದಿಲ್ಲ: ದನ, ಕುರಿ, ಮೇಕೆ. ಊರಿನ ಎಲ್ಲ ಹೊಲಗಳಲ್ಲೂ ಅಕ್ಕಡಿ ಇದ್ದಾಗ, ಅವರೆ ತೊಗರಿ ಬಿಡಿಸುವವರೆಗೆ ಯಾರೂ ದನ ಬಿಡುತ್ತಿರಲಿಲ್ಲ. ಬರೆದಿಟ್ಟ ಕಾನೂನಲ್ಲದಿದ್ದರೂ ಅದು ಊರಿನ ಕಟ್ಟಳೆ. ಈಗ ನೂರು ಹೊಲಗಳಲ್ಲಿ ತೊಂಬತ್ತರಲ್ಲಿ ತನಿ ರಾಗಿ ಅಥವಾ ಮುಸುಕಿನ ಜೋಳವಿದ್ದರೆ, ಡಿಸೆಂಬರಿನಲ್ಲಿ ಕೊಯ್ಲಾದ ಮರುದಿನವೇ ಕೂಳೆ ಮೇಯಲು ಜಾನುವಾರುಗಳು ಬಯಲಿಗೆ ಬರುತ್ತವೆ. ಉಳಿದ ಹತ್ತು ಹೊಲಗಳ ಅವರೆಯೂ ತೊಗರಿಯೂ ಹೂವು, ಹೀಚಿನಲ್ಲಿರುವಾಗಲೇ ಅವುಗಳ ಬಾಯಿಗೆ ಬೀಳುತ್ತವೆ. ಹಗಲಿಡೀ ಕಾವಲಿರಲು ಯಾರಿಗೆ ಸಾಧ್ಯ? ಮರುವರ್ಷ ಆ ಹತ್ತು ಮಂದಿಯೂ ಅಕ್ಕಡಿ ಬಿಡುವುದಿಲ್ಲ. ಬೀಜ ಹಂಚಿ, ತರಬೇತಿ ಕೊಟ್ಟು, ಪ್ರಾತ್ಯಕ್ಷಿಕೆ ನಡೆಸಿದರೂ ಅಕ್ಕಡಿ ನಿಲ್ಲದಿರಲು ಇದೊಂದೇ ಸಾಕು.

ಗ್ರಾಮ ಸಭೆಯ ತೀರ್ಮಾನ

ಈ ತೊಡಕನ್ನು ಬಿಡಿಸುವ ಅಧಿಕಾರ ಕೃಷಿ ಅಧಿಕಾರಿಗೂ ಇಲ್ಲ, ಒಬ್ಬ ರೈತನಿಗೂ ಇಲ್ಲ. ಅದು ಊರು ಕೂಡಿ ಮಾಡಬೇಕಾದುದು. ಒಂದು ಗ್ರಾಮದ ಇಡೀ ಬಯಲಿಗೆ ಒಮ್ಮೆಲೇ ಕಟ್ಟು ಹಾಕಲು ಹೊರಡುವುದು ವಿವೇಕವಲ್ಲ. ಒಂದಕ್ಕೊಂದು ತಗಲಿಕೊಂಡಿರುವ ಹದಿನೈದಿಪ್ಪತ್ತು ಹಿಡುವಳಿಗಳ ಒಂದು ಮಗ್ಗುಲನ್ನು ಆರಿಸಿ, ಆ ರೈತರೆಲ್ಲ ಒಟ್ಟಾಗಿ ಅಕ್ಕಡಿ ಬಿತ್ತಲು ಒಪ್ಪಿದರೆ, ಅಲ್ಲಿಗೆ ಸಂಕ್ರಾಂತಿ ಕಳೆದು ತೊಗರಿ ಕೊಯ್ಲಾಗುವವರೆಗೆ ಜಾನುವಾರು ಬಿಡಬಾರದೆಂದು ಗ್ರಾಮ ಸಭೆಯಲ್ಲಿ ನಿರ್ಣಯ ಮಾಡಬಹುದು. ಕಾವಲಿಗೆ ಒಬ್ಬರನ್ನು ನೇಮಿಸಿ, ಅವರ ಕೂಲಿಯನ್ನು ಆ ರೈತರೇ ಕಾಳಿನ ರೂಪದಲ್ಲಿ ಹಂಚಿಕೊಳ್ಳುವುದು ಹಳೆಯ ರೂಢಿ. ಅದು ಇಂದಿಗೂ ನಡೆಯಬಲ್ಲದು. ದನದ ದೊಡ್ಡಿಯ ದಂಡವನ್ನು ಕಡೆಯ ಉಪಾಯವಾಗಿ ಇಟ್ಟುಕೊಳ್ಳುವುದು ಲೇಸು.

ಏಕೆಂದರೆ ಕೂಳೆಯ ಮೇವನ್ನೇ ನಂಬಿ ನಾಲ್ಕು ಮೇಕೆ ಸಾಕಿರುವವರು ಬಹುತೇಕ ಜಮೀನಿಲ್ಲದವರು. ಅಕ್ಕಡಿ ಉಳಿಸುವ ಹೆಸರಿನಲ್ಲಿ ಅವರ ಅನ್ನಕ್ಕೆ ಕಲ್ಲು ಬೀಳಬಾರದು. ನಿರ್ಣಯಕ್ಕೆ ಮುಂಚೆ ಕುರಿ, ಮೇಕೆ ಸಾಕುವವರನ್ನು ಕರೆದು ಕೇಳಬೇಕು. ಆ ಎರಡು ತಿಂಗಳು ಅವರು ಮೇಯಿಸಬಹುದಾದ ಬೇರೆ ಬಯಲು, ಗೋಮಾಳ, ಕೆರೆಯಂಗಳ ಯಾವುದೆಂದು ಅದೇ ಸಭೆಯಲ್ಲಿ ತೀರ್ಮಾನವಾಗಬೇಕು. ತೊಗರಿ ಕೊಯ್ಲಾದ ಮೇಲೆ ಅದೇ ಹೊಲಗಳಲ್ಲಿ ಕುರಿಮಂದೆ ನಿಲ್ಲಿಸಲು ರೈತರು ಕರೆದರೆ ಮಂದೆಯವರಿಗೂ ದಿನಕ್ಕಿಷ್ಟೆಂದು ಸಲ್ಲುತ್ತದೆ, ಹೊಲಕ್ಕೂ ಗೊಬ್ಬರ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಮಳೆಯಾಶ್ರಿತ ಕ್ಷೇತ್ರದಲ್ಲಿ 1978ರಿಂದ ನಡೆದುಬಂದ ದೀರ್ಘಾವಧಿ ಪ್ರಯೋಗದಲ್ಲಿ, ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರದೊಡನೆ ರಸಗೊಬ್ಬರ ಕೊಟ್ಟ ತಾಕುಗಳಲ್ಲಿ ರಾಗಿಯ ಇಳುವರಿ ಸ್ಥಿರವಾಗಿ ನಿಂತಿತು. ರಸಗೊಬ್ಬರವನ್ನೇ ನೆಚ್ಚಿದ ತಾಕುಗಳಲ್ಲಿ ಇಳಿಯುತ್ತಾ ಹೋಯಿತು. ಅಷ್ಟು ಗೊಬ್ಬರ ಇಂದು ಬಹುಪಾಲು ಮನೆಗಳ ತಿಪ್ಪೆಯಲ್ಲಿ ಇಲ್ಲ. ಮಂದೆಯೂ ಬದುವಿನ ಹೊಂಗೆ, ಗ್ಲಿರಿಸಿಡಿಯಾ ಸೊಪ್ಪೂ ಸೇರಿದರೆ ಕೊರತೆಯ ಒಂದು ಭಾಗವಾದರೂ ತುಂಬುತ್ತದೆ.

ಉದ್ಯೋಗ ಖಾತರಿ ಕಾಮಗಾರಿಗಳ ಕ್ರಿಯಾಯೋಜನೆ ತಯಾರಿಸುವಾಗ ಇದೇ ಮಗ್ಗುಲಿಗೆ ಬದು ನಿರ್ಮಾಣ, ಕೃಷಿ ಹೊಂಡ, ಎರೆಹುಳು ಗೊಬ್ಬರದ ತೊಟ್ಟಿಗಳನ್ನು ಮೊದಲು ಕೊಟ್ಟರೆ ಕೆಲಸಕ್ಕೆ ಬಲ ಬರುತ್ತದೆ. ಬದುಗಳು ಚದುರಿಹೋದಾಗ ಹರಿಯುವ ನೀರು ಪಕ್ಕದ ಹೊಲದ ಬದುವನ್ನು ಒಡೆಯುತ್ತದೆ. ಇಳಿಜಾರಿನ ಮೇಲಿನಿಂದ ಕೆಳಗೆ ಸರಣಿಯಾಗಿ ಹಾಕಿದಾಗ ನೀರು ಅಲ್ಲಲ್ಲೇ ಇಂಗುತ್ತದೆ. ಹೊಸ ಬದುವಿನ ಸಡಿಲ ಮಣ್ಣಿನಲ್ಲಿ ಮೊದಲ ವರ್ಷವೇ ತೊಗರಿ, ಹರಳು, ನುಗ್ಗೆ ಊರುವುದು ಬದುವಿಗೂ ಅಡುಗೆಗೂ ಅನುಕೂಲ. ಯಾವ ಕಾಮಗಾರಿಗೆ ಯಾರು ಅರ್ಹರು ಎಂಬುದನ್ನು ಚಾಲ್ತಿಯಲ್ಲಿರುವ ಮಾರ್ಗಸೂಚಿಯಂತೆ ಪರಿಶೀಲಿಸಿಕೊಳ್ಳತಕ್ಕದ್ದು.

ಬೆಳೆ ಸಮೀಕ್ಷೆಯಲ್ಲಿ ಎಚ್ಚರ

ರಾಗಿಗೆ 2025–26ರಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ. ಮುಸುಕಿನ ಜೋಳಕ್ಕೆ 2,400, ತೊಗರಿಗೆ 8,000 ರೂಪಾಯಿ. ಜೋಳದ ಇಳುವರಿ ಹೆಚ್ಚಾದುದರಿಂದ ಬೆಲೆಯೊಂದನ್ನೇ ಹೋಲಿಸಿ ತೀರ್ಮಾನಿಸಲಾಗದು. ಆದರೆ ಒಣ ಭೂಮಿಯಲ್ಲಿ ರಾಗಿಯೊಡನೆ ತೊಗರಿ ಬೆಳೆದವನು ನಷ್ಟದಲ್ಲೇ ಇರುತ್ತಾನೆ ಎಂಬ ಮಾತು ಈಗ ನಿಲ್ಲುವುದಿಲ್ಲ.

ಈ ಬೆಲೆ ದಕ್ಕಬೇಕಾದರೆ ದಾಖಲೆ ಸರಿಯಿರಬೇಕು. ಖರೀದಿ ಕೇಂದ್ರದಲ್ಲಿ ನೋಂದಣಿಯಾಗುವುದು ಫ್ರೂಟ್ಸ್ ಗುರುತಿನ ಸಂಖ್ಯೆ ಮತ್ತು ಬೆಳೆ ಸಮೀಕ್ಷೆಯ ಮಾಹಿತಿಯ ಮೇಲೆ. ಅಕ್ಕಡಿ ಹೊಲವನ್ನು ತನಿ ಅವರೆಯೆಂದೋ ತನಿ ತೊಗರಿಯೆಂದೋ ನಮೂದಿಸಿದರೆ ರಾಗಿ ಮಾರಲು ಹೋದಾಗ ತೊಡಕಾಗುತ್ತದೆ. ಬೆಳೆ ವಿಮೆಯಲ್ಲೂ ಹಾಗೆಯೇ. ಮುಖ್ಯ ಬೆಳೆ, ಮಿಶ್ರ ಬೆಳೆ ಎರಡೂ ವಿಸ್ತೀರ್ಣ ಸಹಿತ ದಾಖಲಾಗಿವೆಯೇ ಎಂಬುದನ್ನು ಸಮೀಕ್ಷೆ ನಡೆಯುವಾಗಲೇ ವಾರ್ಡಿನ ಸದಸ್ಯರು ರೈತರೊಡನೆ ನೋಡಿಕೊಳ್ಳುವುದು ಸೂಕ್ತ. ಆಕ್ಷೇಪಣೆಯ ಅವಧಿ ಮುಗಿದ ಮೇಲೆ ಕಚೇರಿಗೆ ಅಲೆಯುವವನು ರೈತನೇ.

ಬೀಜ

ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಬೀಜದ್ದು. ಎಕರೆಗೆ ಬೇಕಾಗುವ ಅಕ್ಕಡಿ ಬೀಜ ಕಿಲೋಗಳ ಲೆಕ್ಕದ್ದೇ ಹೊರತು ಚೀಲಗಳ ಲೆಕ್ಕದ್ದಲ್ಲ. ಅಷ್ಟನ್ನು ಪಂಚಾಯಿತಿ ಮಟ್ಟದ ಸಂಜೀವಿನಿ ಒಕ್ಕೂಟದ ಮಹಿಳೆಯರು ಸಂಗ್ರಹಿಸಿ, ಒಂದು ಅಳತೆ ಕೊಟ್ಟರೆ ಸುಗ್ಗಿಯಲ್ಲಿ ಒಂದೂವರೆ ಅಳತೆ ಹಿಂದಿರುಗಿಸುವ ಕರಾರಿನಲ್ಲಿ ಹಂಚಬಹುದು. ರೈತರು ತಮ್ಮ ಬೀಜವನ್ನು ಉಳಿಸಿ, ಬಿತ್ತಿ, ವಿನಿಮಯ ಮಾಡಿಕೊಂಡು, ಬ್ರಾಂಡ್ ಹೆಸರಿಲ್ಲದೆ ಮಾರುವ ಹಕ್ಕನ್ನು ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮ, 2001 ಎತ್ತಿಹಿಡಿಯುತ್ತದೆ. ಆದ್ದರಿಂದ ಈ ವಿನಿಮಯಕ್ಕೆ ಯಾರೂ ಅಂಜಬೇಕಿಲ್ಲ. ಜೀವವೈವಿಧ್ಯ ಅಧಿನಿಯಮ, 2002ರಂತೆ ರಚಿಸಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿ ಅನೇಕ ಪಂಚಾಯಿತಿಗಳಲ್ಲಿ ಕಾಗದದ ಮೇಲಷ್ಟೇ ಇದೆ. ಯಾವ ಮನೆಯಲ್ಲಿ ಯಾವ ನಾಟಿ ಅವರೆ, ಯಾವ ಅಲಸಂದೆ ಉಳಿದಿದೆ ಎಂದು ಬರೆದಿಡುವ ಕೆಲಸವನ್ನು ಅದಕ್ಕೆ ಒಪ್ಪಿಸಬಹುದು. ಈ ಮಾಹಿತಿ ಬಹುಮಟ್ಟಿಗೆ ಅರವತ್ತು ದಾಟಿದ ಹೆಂಗಸರಲ್ಲಿದೆ. ಅವರನ್ನು ಸಭೆಗೆ ಕರೆಯುವುದಕ್ಕಿಂತ ಅವರ ಮನೆಗೇ ಹೋಗುವುದು ಫಲಕಾರಿ.

ರಾಗಿ ಬೀಜಕ್ಕೆ ಹುಳುವಿನ ಕಾಟ ಕಡಿಮೆ. ಅವರೆ, ತೊಗರಿ, ಅಲಸಂದೆಗಳನ್ನು ಮಾತ್ರ ಹುಳು ಒಂದು ಬೇಸಿಗೆಯಲ್ಲಿ ಪುಡಿ ಮಾಡಿಬಿಡುತ್ತದೆ. ಚೆನ್ನಾಗಿ ಒಣಗಿಸಿ, ಕೆಮ್ಮಣ್ಣಿನ ಬಗ್ಗಡ ಬಳಿದು ಮತ್ತೆ ಒಣಗಿಸುವುದು, ಸೋಸಿದ ಬೂದಿಯಲ್ಲಿ ಬೆರೆಸಿ ಮಡಕೆಯಲ್ಲಿಡುವುದು, ಹರಳೆಣ್ಣೆ ಸವರುವುದು ಇವು ಬಳಕೆಯಲ್ಲಿರುವ ಕ್ರಮಗಳು. ಬಿತ್ತುವ ಮುನ್ನ ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಮೊಳಕೆಗಿಟ್ಟು ನೋಡಬೇಕು.

ಅಂಗನವಾಡಿ ಮತ್ತು ಶಾಲೆಗಳ ಪೌಷ್ಟಿಕ ತೋಟಗಳಲ್ಲೂ ಬೇಲಿಯ ಉದ್ದಕ್ಕೆ ನಾಟಿ ಅವರೆ, ಅಲಸಂದೆ, ನುಗ್ಗೆ ಹಾಕಿಸಿದರೆ ಮಕ್ಕಳ ತಟ್ಟೆಗೂ ಬರುತ್ತದೆ, ಬೀಜಕ್ಕೂ ಒಂದು ಕಾಪು ಇರುತ್ತದೆ. ಜಮೀನಿಲ್ಲದ ಮನೆಗಳಿಗೆ ಹಿತ್ತಿಲಲ್ಲಿ ಹತ್ತಡಿ ಜಾಗವಿದ್ದರೂ ಇದೇ ಬೀಜ ಕೊಡಬಹುದು.

ಒಣಗಿದ ಅವರೆ, ತೊಗರಿ ಕೈಗೆ ಬರುವುದು ಜನವರಿ–ಫೆಬ್ರವರಿಯಲ್ಲಿ. ಆ ಹೊತ್ತಿಗೆ ಒಕ್ಕೂಟದವರು ಬೀಜ ಆರಿಸಿ ಇಟ್ಟಿದ್ದರೆ ಮಾತ್ರ ಜುಲೈ ಬಿತ್ತನೆಗೆ ಒದಗುತ್ತದೆ. ಏಪ್ರಿಲ್ ಕಳೆದ ಮೇಲೆ ಮನೆಗಳಲ್ಲಿ ಉಳಿದ ಕಾಳು ಬಹುತೇಕ ಸಾರಿಗೆ ಹೋಗಿರುತ್ತದೆ. ಮಗ್ಗುಲಿನ ಆಯ್ಕೆ ಮತ್ತು ಜಾನುವಾರು ಕಟ್ಟಳೆಯ ನಿರ್ಣಯ ಬಿತ್ತನೆಗೆ ಮುಂಚಿನ ಗ್ರಾಮ ಸಭೆಯಲ್ಲೇ ಆಗಬೇಕು. ಬಿತ್ತನೆಯಾದ ಮೇಲೆ ಕೇಳಿದರೆ ಅಕ್ಕಡಿ ಬಿಡಲು ಹೊಲದಲ್ಲಿ ಸಾಲೇ ಉಳಿದಿರುವುದಿಲ್ಲ.